ಇನ್ನೆಲ್ಲ ಚೆನ್ನಾಗಿದಾವೆ ಸರ್, ಇದೊಂದು ಬೇಡ

1/8

ಫೋಟೊದಲ್ಲಿರೋ ಪುಸ್ತಕ ನೋಡಿ. ಅಂಚು ಸವೆದಿದೆ, ಪಿನ್ನು ತುಕ್ಕು ಹಿಡಿದಿದೆ, ಹಿಂದಿನ ರಟ್ಟು ಹೋಗಿದೆ. ಹೋದ ತಿಂಗಳು ನಮ್ಮ ತಾಲೂಕಿನ ಒಂದು ಶಾಲೆಗೆ ನನ್ನ ಹತ್ರ ಇದ್ದ ಅಮರ ಚಿತ್ರ ಕಥೆಗಳಲ್ಲಿ 30 ಆರಿಸಿ ಕೊಟ್ಟೆ. (ಯಾವ ಶಾಲೆ ಅಂತ ಹೇಳಲ್ಲ. ಡಿಎಂನಲ್ಲೂ ಹೇಳಲ್ಲ, ಕೇಳಬೇಡಿ.) ಶನಿವಾರ ಬೆಳಗ್ಗೆ ಮಕ್ಕಳು ಓದಿಕೊಳ್ಳಲಿ ಅಂತ. ಕೆಲವು ಕನ್ನಡದವು, ಕೆಲವು ಇಂಗ್ಲಿಷ್‌ನವು.

ಮಕ್ಕಳ ಕೈಗೆ ಹೋಗಿದ್ದು 29. ಒಂದು ನನ್ನ ಬ್ಯಾಗಿಗೇ ವಾಪಸ್ ಬಂತು.

"ತಪ್ಪು ತಿಳ್ಕೋಬೇಡಿ ಸರ್. ಐದು ಆರನೇ ಕ್ಲಾಸಿನ ಮಕ್ಕಳು. ಈಗ್ಲೇ ಯಾಕೆ ಜಾತಿ ಗೀತಿ ಅಂತ ತಲೇಲಿ ತುಂಬೋದು? ಕಾಮಿಕ್ಸ್ ಅಂದ್ರೆ ಮಕ್ಕಳು ಖುಷಿಯಾಗಿ ಓದ್ಬೇಕು. ಇನ್ನೆಲ್ಲ ಚೆನ್ನಾಗಿದಾವೆ, ಇದೊಂದು ಬೇಡ."

ಆ ಒಂದು 'ಬಾಬಾಸಾಹೇಬ್ ಅಂಬೇಡ್ಕರ್'. 1979ರಲ್ಲಿ ಬಂದಿದ್ದು.

ಹೇಳಿದವರು ಕೆಟ್ಟವರಲ್ಲ. ಟೀ ಕೊಟ್ಟರು, ಗೇಟಿನವರೆಗೆ ಬಂದು ಕಳಿಸಿದರು. ಆದ್ರೂ ಗಾಡಿ ಓಡಿಸ್ಕೊಂಡು ಲಕ್ಷ್ಮಣತೀರ್ಥ ಸೇತುವೆ ದಾಟೋ ಹೊತ್ತಿಗೆ ನನಗೆ ಸಿಟ್ಟು ನೆತ್ತಿಗೇರಿತ್ತು. ಅಲ್ಲಿ ಬಾಯಿಗೆ ಬಾರದ ಉತ್ತರ ಇಲ್ಲಿ ಎಂಟು ಪೋಸ್ಟ್ ಆಗ್ತಿದೆ. ಉದ್ದ ಆಯ್ತು ಅನ್ನೋರು ಮುಂದೆ ಹೋಗಬಹುದು.

2/8

ಮೊದಲು ಆ "ಇನ್ನೆಲ್ಲ ಚೆನ್ನಾಗಿದಾವೆ" ಅನ್ನೋ ಪುಸ್ತಕಗಳಲ್ಲಿ ಏನಿದೆ ನೋಡೋಣ.

'ಕೃಷ್ಣ'. ಕಂಸ ತಂಗಿ ಹೆತ್ತ ಹಸುಗೂಸುಗಳನ್ನ ಒಂದಾದ ಮೇಲೊಂದು ಕೊಲ್ಲೋ ಕಥೆ. 'ದ್ರೌಪದಿ'. ತುಂಬಿದ ಸಭೆಯಲ್ಲಿ ಹೆಂಗಸಿನ ಮುಡಿ ಹಿಡಿದು ಎಳೆದು ಸೀರೆಗೆ ಕೈ ಹಾಕ್ತಾರೆ, ಹಿರಿಯರೆಲ್ಲ ತಲೆ ತಗ್ಗಿಸಿ ಕೂತಿರ್ತಾರೆ. 'ಪದ್ಮಿನಿ'. ಕೋಟೆಯೊಳಗಿನ ಹೆಂಗಸರೆಲ್ಲ ಬೆಂಕಿಗೆ ಇಳೀತಾರೆ, ಅದನ್ನ ಹೆಮ್ಮೆ ಪಡೋ ಹಾಗೆ ಹೇಳಿದೆ. ಹತ್ತು ವರ್ಷದ ಹೆಣ್ಣುಮಗು ಕೈಗೆ ಈ ಮೂರನ್ನೂ ಕೊಡಬಹುದಂತೆ. ಖುಷಿಯಾಗಿ ಓದ್ಕೊಳುತ್ತಂತೆ.

ಒಬ್ಬ ಹುಡುಗನಿಗೆ ಶಾಲೆಯಲ್ಲಿ ಕುಡಿಯೋಕೆ ನೀರು ಸಿಗಲಿಲ್ಲ ಅನ್ನೋದು ಮಾತ್ರ ಅವಳಿಗೆ ತಡೆಯೋಕಾಗಲ್ವಂತೆ.

ನಮ್ಮ ಕಡೆ ಹಳ್ಳಿಗಳಲ್ಲಿ ಬೆಳೆದ ಯಾರನ್ನಾದ್ರೂ ಕೇಳಿ. 'ಕುರುಕ್ಷೇತ್ರ' ನಾಟಕ ಅಂದ್ರೆ ಮಕ್ಕಳು ಸಂಜೆಗೇ ಚಾಪೆ ಹಿಡ್ಕೊಂಡು ಹೋಗಿ ಮುಂದಿನ ಸಾಲಲ್ಲಿ ಜಾಗ ಹಿಡಿಯೋರು. ತಿಂಗಳಾನುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ರ ಕಲಿತು, ಕೈಯಿಂದ ದುಡ್ಡು ಹಾಕಿ ಡ್ರೆಸ್ಸು ಸೀನರಿ ಬಾಡಿಗೆಗೆ ತಂದು, ಊರ ಗಂಡಸರೇ ದುರ್ಯೋಧನ, ಭೀಮ, ಶಕುನಿ ಆಗೋರು. ರಾತ್ರಿ ಎರಡು ಗಂಟೆಗೆ ದುಶ್ಶಾಸನ ತೊಡೆ ತಟ್ಟಿ ಕೂಗೋವಾಗ ಐದು ವರ್ಷದ ಕೂಸು ಅಮ್ಮನ ತೊಡೆ ಮೇಲೆ ಕೂತು ಕಣ್ಣು ಬಿಟ್ಕೊಂಡು ನೋಡೋದು. ಮಗೂನ ಒಳಗೆ ಕರ್ಕೊಂಡು ಹೋಗ್ರೀ ಅಂತ ಯಾರೂ ಅಂದಿದ್ದು ನಾನು ಕೇಳಿಲ್ಲ. ಮಾರಿಹಬ್ಬದಲ್ಲಿ ಕುರಿ ಕಡಿಯೋ ಕಡೆಗೂ ಮಕ್ಕಳು ಓಡೋರು. ಹೊಗೆಸೊಪ್ಪಿನ ಕಾಲದಲ್ಲಿ ಬ್ಯಾರನ್ ಮುಂದೆ ರಾತ್ರಿಯೆಲ್ಲ ಅಪ್ಪನ ಜೊತೆ ಬೆಂಕಿ ಕಾದ ಮಕ್ಕಳಿಗೆ ಈ ಸಲ ಹರಾಜಿನಲ್ಲಿ ರೇಟು ಬಿದ್ರೆ ಮನೇಲಿ ಏನಾಗುತ್ತೆ ಅಂತಾನೂ ಗೊತ್ತಿರುತ್ತೆ.

ಇಷ್ಟೆಲ್ಲ ನೋಡಿ ಬೆಳೆಯೋ ಮಗುವಿಗೆ ಜಾತಿ ಮಾತ್ರ ಗೊತ್ತಿಲ್ಲ, ಕಾಮಿಕ್ಸ್ ಓದಿದ ಮೇಲೇ ಗೊತ್ತಾಗೋದು ಅಂತ ನಂಬಬೇಕಾದ್ರೆ ತುಂಬಾ ಕಷ್ಟಪಡಬೇಕು.

3/8

ಇನ್ನೊಂದು ಮಾತು ಆಗಾಗ ಕೇಳ್ತೀನಿ. "ನಮ್ಮ ಕಾಲದ ಕಾಮಿಕ್ಸ್ ಎಷ್ಟು ಮುಗ್ಧ ಇತ್ತು, ಈಗ ಎಲ್ಲದರಲ್ಲೂ ಪಾಲಿಟಿಕ್ಸ್." ಇದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಲೇಬೇಕು. ಇದರಲ್ಲಿ ನಮ್ಮವರ ಹೆಮ್ಮೆ ವಿಷಯಾನೂ ಇದೆ, ಬಹಳ ಜನಕ್ಕೆ ಗೊತ್ತಿಲ್ಲ.

ಅಮರ ಚಿತ್ರ ಕಥೆ ಶುರುವಾಗಿದ್ದು ಕನ್ನಡದಲ್ಲಿ. 1965ರಲ್ಲಿ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಆದ್ರೆ ಅವು ರಾಮ ಕೃಷ್ಣರ ಕಥೆ ಆಗಿರಲಿಲ್ಲ. ಸಿಂಡರೆಲಾ, ಸ್ನೋವೈಟ್ ಥರದ ಪರದೇಶದ ಕಥೆಗಳನ್ನ ಕನ್ನಡಕ್ಕೆ ತಂದಿದ್ದು. ಅದು ಚೆನ್ನಾಗಿ ಮಾರಾಟ ಆಯ್ತು, ಮುಂಬೈನವರು ಕಣ್ಣು ಬಿಟ್ಟರು. ಆಮೇಲೆ ಬಂದೋರು ಅನಂತ ಪೈ. ಅವರೂ ನಮ್ಮವರೇ, 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದೋರು. 1967ರಲ್ಲಿ ದೆಹಲಿಯಲ್ಲಿ ಟೀವಿ ಕ್ವಿಜ್ ನೋಡ್ತಿದ್ದಾಗ ಗ್ರೀಕ್ ದೇವರುಗಳ ಬಗ್ಗೆ ಪಟಪಟ ಹೇಳಿದ ಮಕ್ಕಳಿಗೆ ರಾಮನ ತಾಯಿ ಯಾರು ಅಂತ ಗೊತ್ತಾಗಲಿಲ್ಲ, ಅದರಿಂದ ಈ ಕೆಲಸಕ್ಕೆ ಕೈ ಹಾಕಿದೆ ಅಂತ ಅವರೇ ಎಷ್ಟೋ ಸಲ ಹೇಳಿದಾರೆ. ಸರಣಿಯ ಮೊದಲ ಹತ್ತು ನಂಬರು ಆ ಪರದೇಶದ ಕಥೆಗಳಿಗೇ ಹೋಗಿತ್ತು. ಹನ್ನೊಂದನೇದು 'ಕೃಷ್ಣ'. ಚಿತ್ರ ಬರೆದಿದ್ದು ರಾಮ್ ವಾಯೀರ್‌ಕರ್.

ಅಂದ್ರೆ ಮೊದಲ ದಿನದಿಂದಲೂ ಈ ಸರಣಿ ಬದಲಾಗ್ತಾನೇ ಇತ್ತು. ಸಿಂಡರೆಲಾಳಿಂದ ಕೃಷ್ಣ, ಕೃಷ್ಣನಿಂದ ಶಿವಾಜಿ, ಝಾನ್ಸಿ ರಾಣಿ, ನಮ್ಮ ಬಸವೇಶ್ವರ, ನಮ್ಮ ಟಿಪ್ಪು. ದೇವರಿಂದ ರಾಜರಿಗೆ, ರಾಜರಿಂದ ಮನುಷ್ಯರಿಗೆ. ರಾಮನ ತಾಯಿ ಯಾರು ಅಂತ ಮಕ್ಕಳಿಗೆ ಗೊತ್ತಿರಬೇಕು ಅಂತ ಶುರುವಾದ ಕೆಲಸ ಹನ್ನೆರಡು ವರ್ಷಕ್ಕೆ ಭೀಮರಾಯನ ಬಾಯಾರಿಕೆವರೆಗೆ ಬಂತು. ಇದು ಹಾಳಾಗಿದ್ದು ಅಂತೀರೋ, ಬೆಳೆದಿದ್ದು ಅಂತೀರೋ?

ರಾಜರ ಕಥೆಯಲ್ಲಿ ಪಾಲಿಟಿಕ್ಸ್ ಇರಲಿಲ್ಲ ಅನ್ನೋರಿಗೆ ನಾನು ಏನೂ ಹೇಳಲ್ಲ. ಮೈಸೂರು ಜಿಲ್ಲೆಯಲ್ಲಿ ಕೂತು ಟಿಪ್ಪು ಪುಸ್ತಕ ಕೈಗೆ ತಗೊಂಡು ಒಂದು ಸಲ ಸ್ಟೋರಿ ಹಾಕಿ ನೋಡಿ, ಗೊತ್ತಾಗುತ್ತೆ.

4/8

ನನಗೆ ಇಡೀ ಸರಣಿಯಲ್ಲಿ ಅತಿ ಇಷ್ಟದ ಕಥೆ ಯಾವುದು ಅಂದ್ರೆ ಈ ವಾಪಸ್ ಬಂದಿದ್ದೇ.

32 ಪುಟ. ಚಿತ್ರ ದಿಲೀಪ್ ಕದಮ್. ನಾನು ಆರನೇ ಕ್ಲಾಸಲ್ಲಿದ್ದಾಗ ಮೈಸೂರಿಂದ ಯಾರೋ ತಂದುಕೊಟ್ಟಿದ್ದು, ಇಂಗ್ಲಿಷ್ ಪ್ರತಿ. ಅಕ್ಷರ ಅರ್ಧ ಅರ್ಥ ಆಯ್ತು. ಚಿತ್ರ ಪೂರ್ತಿ ಅರ್ಥ ಆಯ್ತು. ಅಲ್ಲಿವರೆಗೆ ನಾನು ಓದಿದ್ದ ಎಲ್ಲ ಪುಸ್ತಕದಲ್ಲೂ ಹೀರೋ ಅನ್ನೋನು ಬಿಲ್ಲು ಬಾಣ ಹಿಡಿದಿರ್ತಿದ್ದ, ಇಲ್ಲಾ ಕುದುರೆ ಮೇಲೆ ಇರ್ತಿದ್ದ. ಇಲ್ಲಿ ಇವನು ಸ್ಕೂಲಿಗೆ ಹೋಗೋ ಹುಡುಗ. ಅವನಿಗೆ ನೀರು ಬೇಕು. ಅಷ್ಟೇ.

ಅಂಬೇಡ್ಕರ್ ತಮ್ಮ ಬಾಲ್ಯದ ಬಗ್ಗೆ ತಾವೇ ಬರೆದಿಟ್ಟಿದಾರೆ. ಸಾತಾರಾದ ಶಾಲೆಯಲ್ಲಿ ಕೂರೋಕೆ ಮನೆಯಿಂದ ಗೋಣಿತಟ್ಟು ತಗೊಂಡು ಹೋಗ್ಬೇಕು, ಸಂಜೆ ವಾಪಸ್ ತರಬೇಕು, ಯಾಕಂದ್ರೆ ಕಸ ಗುಡಿಸೋನೂ ಅದನ್ನ ಮುಟ್ಟಲ್ಲ. ಬಾಯಾರಿದ್ರೆ ನಲ್ಲಿ ಹತ್ರ ತಾನೇ ಹೋಗೋ ಹಾಗಿಲ್ಲ. ಮೇಷ್ಟ್ರು ಒಪ್ಪಬೇಕು, ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಸಿಗದ ದಿನ ಆ ಹುಡುಗ ಮನೆಗೆ ಹೋಗೋವರೆಗೆ ಹಾಗೇ ಇರಬೇಕು. ಅದೇ ಹುಡುಗ ದೊಡ್ಡೋನಾಗಿ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ಇಳಿದು ಬೊಗಸೆಯಲ್ಲಿ ನೀರು ಕುಡಿದರು.

ನಮ್ಮ ಹೊಲಕ್ಕೆ ಕೆಲಸಕ್ಕೆ ಬರ್ತಿದ್ದ ಒಬ್ಬರಿದ್ದರು. ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ನಿಂತು "ಅವ್ವೋ, ನೀರು" ಅನ್ನೋರು. ನಮ್ಮಜ್ಜಿ ಚೊಂಬು ಹಿಡ್ಕೊಂಡು ಮೆಟ್ಟಿಲ ಮೇಲೇ ನಿಲ್ಲೋರು. ಅವರು ಕೆಳಗೆ ಬಗ್ಗಿ ಎರಡು ಕೈ ಸೇರಿಸಿ ಬಾಯಿಗೆ ಹಿಡಿಯೋರು. ಅಜ್ಜಿ ಮೇಲಿಂದ ಹುಯ್ಯೋರು. ದಿನಾ ನೋಡಿದ್ದೆ. ಅದು ನನಗೆ ಏನೂ ಅನಿಸಿರಲಿಲ್ಲ, ನೀರು ಕುಡಿಯೋ ಒಂದು ರೀತಿ ಅಂದ್ಕೊಂಡಿದ್ದೆ. ಒಂದ್ಸಲ ಆಟಕ್ಕೆ ನಾನೂ ಹಾಗೇ ಬೊಗಸೆ ಹಿಡಿದು ಕೇಳಿದ್ದಕ್ಕೆ ಅಜ್ಜಿ ಬೆನ್ನಿಗೊಂದು ಗುದ್ದಿದ್ರು. ಯಾಕೆ ಹೊಡೆದ್ರು ಅಂತ ಅವತ್ತು ಗೊತ್ತಾಗಲಿಲ್ಲ.

ಈ ಪುಸ್ತಕ ಓದಿದ ದಿನ ಗೊತ್ತಾಯ್ತು.

ಅಜ್ಜಿ ಮೇಲೆ ಪ್ರೀತಿ ಕಮ್ಮಿ ಆಗಲಿಲ್ಲ. ಆದ್ರೆ ಮಾರನೇ ದಿನ ಚೊಂಬು ನಾನೇ ತಗೊಂಡು ಹೋಗಿ ಅವರ ಕೈಗೆ ಕೊಡೋಕೆ ಹೋದೆ. ಅವರೇ ತಗೊಳ್ಳಲಿಲ್ಲ. "ಬ್ಯಾಡ ಕೂಸು, ಅವ್ವ ಬಯ್ತಾರೆ" ಅಂದ್ರು. ನನಗೆ ಹನ್ನೊಂದು ವರ್ಷ. ಈಗ ಹೇಳಿ, ಹನ್ನೊಂದು ವರ್ಷದೋನಿಗೆ ಜಾತಿ ಗೊತ್ತಿರಲಿಲ್ವಾ? ಹಿತ್ತಲ ಬಾಗಿಲಲ್ಲಿ ದಿನಾ ಪಾಠ ಆಗ್ತಿತ್ತು. ಆ ಪಾಠದ ಹೆಸರು ಮಾತ್ರ ಈ 32 ಪುಟ ಹೇಳಿಕೊಡ್ತು.

5/8

ಈಗ ಅಲ್ಲಿ ಹೇಳಬೇಕಿದ್ದ ಮಾತು.

ಆ ಶಾಲೆಯ ಗೋಡೆ ಮೇಲೆ ಅಂಬೇಡ್ಕರ್ ಫೋಟೊ ಇದೆ. ಹಾರನೂ ಇದೆ. ಬೆಳಗ್ಗೆ ಮಕ್ಕಳ ಕೈಲಿ ಸಂವಿಧಾನದ ಪೀಠಿಕೆ ಓದಿಸ್ತಾರೆ, ಚೆನ್ನಾಗಿ ಓದ್ತಾರೆ, ಕೇಳಿದೀನಿ. ಏಪ್ರಿಲ್ 14ಕ್ಕೆ ಸಿಹಿ ಹಂಚ್ತಾರೆ. ಫೋಟೊ ಇರಬಹುದು, ಹಾರ ಇರಬಹುದು, ಲಾಡು ಇರಬಹುದು. ಅವರಿಗೆ ಬಾಯಾರಿತ್ತು ಅನ್ನೋದು ಮಾತ್ರ ಮಕ್ಕಳಿಗೆ ಹೇಳೋ ಹಾಗಿಲ್ಲ.

ಇದೇ ಹುಣಸೂರು ತಾಲೂಕಿನ ಕಲ್ಲಹಳ್ಳಿಯವರು ದೇವರಾಜ ಅರಸು. ಈ ಪುಸ್ತಕ ಬಂದ 1979ರಲ್ಲಿ ರಾಜ್ಯದ ಮುಖ್ಯಮಂತ್ರಿ ಅವರೇ. ಉಳೋನಿಗೆ ಭೂಮಿ ಕೊಡಿಸಿದ ಕಾನೂನು, ಹಾವನೂರು ಆಯೋಗ, ಎಲ್ಲ ಅವರ ಕಾಲದ್ದು. ಅರಸು ಹೆಸರು ಹೇಳಿ ಎದೆ ಉಬ್ಬಿಸೋ ಊರು ನಮ್ಮದು. ಆ ಊರಲ್ಲೇ ಮಕ್ಕಳಿಗೆ ಜಾತಿ ಅನ್ನೋ ಪದ ತೋರಿಸೋಕೆ ಹೆದರ್ತೀವಿ ಅಂದ್ರೆ ಅರಸು ಮಾಡಿದ ಕೆಲಸ ಯಾಕೆ ಬೇಕಿತ್ತು ಅಂತ ಆ ಮಕ್ಕಳಿಗೆ ಹೇಗೆ ವಿವರಿಸ್ತೀರಿ? ಒಂದಿನ ಇದ್ದಕ್ಕಿದ್ದಂಗೆ ಭೂಮಿ ಕೊಟ್ಟರು ಅಂತಾನಾ?

"ಮಕ್ಕಳು" ಅಂದಾಗ ಯಾವ ಮಕ್ಕಳು ಅಂತಾನೂ ಕೇಳ್ಬೇಕಿತ್ತು. ಆ ಕ್ಲಾಸಲ್ಲಿ ಕೂತಿರೋ ಎಲ್ಲ ಮಕ್ಕಳಿಗೂ ಇದು ಹೊಸ ವಿಷಯ ಅಲ್ಲ. ಕೆಲವರಿಗೆ ಮನೆ ವಿಷಯ. ಅವರಿಗೆ ಇದೊಂದು ಪುಸ್ತಕದಲ್ಲಿ ತಮ್ಮ ಥರದ ಹೀರೋ ಸಿಕ್ತಿದ್ದ. ಬೇಡ ಅಂದಿದ್ದು ಯಾರನ್ನ ಕಾಪಾಡೋಕೆ ಅಂತ ಯೋಚನೆ ಮಾಡಿ.

6/8

ಸರಿ, ಭಾರದ ವಿಷಯ ಮಕ್ಕಳಿಗೆ ಬೋರ್ ಆಗುತ್ತೆ ಅನ್ನೋ ವಾದಕ್ಕೆ ಬರೋಣ. ಇದು ಸುಳ್ಳು ಅನ್ನೋಕೆ ನನ್ನ ಹತ್ರ ಇರೋ ಸಾಕ್ಷಿ ಮಹಾಭಾರತ.

ಅಮರ ಚಿತ್ರ ಕಥೆಯೋರು 1985ರಿಂದ 1989ರವರೆಗೆ ಮಹಾಭಾರತವನ್ನ 42 ಪುಸ್ತಕದಲ್ಲಿ ತಂದರು. ಅಷ್ಟರವರೆಗೆ ಒಬ್ಬೊಬ್ಬರ ಮೇಲೆ ಒಂದೊಂದು ಪುಸ್ತಕ ಇತ್ತು, ಭೀಷ್ಮ, ಕರ್ಣ, ಅಭಿಮನ್ಯು ಅಂತ. ಪ್ರತಿ ಪುಸ್ತಕದಲ್ಲೂ ಅವನೇ ಹೀರೋ. ಉದ್ದದ ಸರಣಿಯಲ್ಲಿ ಆ ಅನುಕೂಲ ಹೋಯ್ತು. ಕರ್ಣನ ಪುಸ್ತಕ ಓದಿ ಅರ್ಜುನನ್ನ ದ್ವೇಷ ಮಾಡ್ತಿದ್ದ ಹುಡುಗ ಇಲ್ಲಿ ಇಬ್ಬರನ್ನೂ ಹೊತ್ಕೊಂಡು ಹೋಗ್ಬೇಕು.

ನನಗೆ ಇದರಲ್ಲಿ ಇಷ್ಟ ಯುದ್ಧ ಮುಗಿದ ಮೇಲಿನ ಭಾಗ. ಮಲಗಿದ್ದ ಪಾಂಡವರ ಮಕ್ಕಳನ್ನ ಅಶ್ವತ್ಥಾಮ ಕತ್ತಲಲ್ಲಿ ಕೊಲ್ತಾನೆ. ಗೆದ್ದ ಧರ್ಮರಾಯನಿಗೆ ಸಿಂಹಾಸನ ಬೇಡವಾಗುತ್ತೆ. ರಣರಂಗದಲ್ಲಿ ಹೆಂಗಸರು ತಮ್ಮವರ ಹೆಣ ಹುಡುಕ್ತಾರೆ. ಗಾಂಧಾರಿ ಯಾರಿಗೆ ಶಾಪ ಕೊಡ್ತಾಳೆ? ಕೃಷ್ಣನಿಗೆ. ಹನ್ನೊಂದನೇ ನಂಬರಿನಲ್ಲಿ ಬೆಣ್ಣೆ ತಿಂದುಕೊಂಡು ಬಂದಿದ್ನಲ್ಲ, ಅದೇ ಕೃಷ್ಣನಿಗೆ. ಕುರುಕ್ಷೇತ್ರ ನಾಟಕ ನೋಡಿದೋರಿಗೆ ಗೊತ್ತು, ದುರ್ಯೋಧನನ ತೊಡೆ ಮುರಿದ ಮೇಲೆ ಮಂಗಳ ಹಾಡಿ ಚಾಪೆ ಸುತ್ಕೊಂಡು ಹೋಗ್ತೀವಿ. ಆಮೇಲೂ ಕಥೆ ಇದೆ ಅಂತ ನನಗೆ ಹೇಳಿದ್ದು ಕಾಮಿಕ್ಸು.

ಬೋರ್ ಆಯ್ತಾ? ಅದೇ ಶಾಲೆಯಲ್ಲಿ, ಅದೇ ಶನಿವಾರ, ಒಬ್ಬ ಹುಡುಗ ನನ್ನ ಹತ್ರ ಬಂದು "ಸಾರ್, ಅಶ್ವತ್ಥಾಮ ಸತ್ತೋದ್ನಾ ಇಲ್ವಾ?" ಅಂದ. ಇಲ್ಲ, ಸಾಯೋದಿಲ್ಲ, ಅದೇ ಅವನ ಶಿಕ್ಷೆ ಅಂದೆ. ಸುಮಾರು ಹೊತ್ತು ಯೋಚನೆ ಮಾಡಿ "ಅದು ಸತ್ತೋಗೋದಕ್ಕಿಂತ ಕಷ್ಟ ಅಲ್ವಾ ಸಾರ್" ಅಂದ. ಇವನಿಗೆ ನೀರಿನ ಕಥೆ ಅರ್ಥ ಆಗಲ್ಲ, ಭಾರ ಆಗುತ್ತೆ ಅಂತೀರಿ. ನನಗೆ ನಗು ಬರುತ್ತೆ.

7/8

ಇದೇ ಮನೆಯ ಇನ್ನೊಂದು ಕೂಸು ಟಿಂಕಲ್. 1980ರಲ್ಲಿ ಹುಟ್ಟಿದ್ದು. ಸುಪ್ಪಾಂಡಿ, ಶಿಕಾರಿ ಶಂಭು ಎಲ್ಲ ಅದರೋರು. ಶಂಭುವನ್ನ ಬರೆದಿದ್ದು ಲೂಯಿಸ್ ಫರ್ನಾಂಡಿಸ್, ಚಿತ್ರ ವಸಂತ ಹಳಬೆ. ಟೊಪ್ಪಿ ಕಣ್ಣಿನ ಮೇಲೆ ಬಿದ್ದಿರುತ್ತೆ, ಇಲಿ ಕಂಡ್ರೂ ನಡುಗೋನು, ಆದ್ರೆ ಮರದಿಂದ ಜಾರಿ ಹುಲಿ ಮೇಲೇ ಬಿದ್ದು ಧೀರ ಅನಿಸ್ಕೊಳ್ಳೋನು. ನಾಗರಹೊಳೆ ಕಾಡಿನ ಬಾಗಿಲಲ್ಲಿರೋ ನಮಗೆ ಅವನು ಪಕ್ಕದ ಮನೆಯೋನ ಥರ. ಕಾಕನಕೋಟೆಯಲ್ಲಿ ಖೆಡ್ಡಾ ಮಾಡಿ ಆನೆ ಹಿಡೀತಿದ್ದ ಜಿಲ್ಲೆ ನಮ್ಮದು. ಕಡೆಯ ಖೆಡ್ಡಾ ನಡೆದಿದ್ದು 1971ರಲ್ಲಿ, ಮಾರನೇ ವರ್ಷ ವನ್ಯಜೀವಿ ಕಾಯ್ದೆ ಬಂತು.

ಬರ್ತಾ ಬರ್ತಾ ಶಂಭು ಕೈಲಿದ್ದ ಬಂದೂಕು ಹೋಯ್ತು. ಬೇಟೆಗಾರ ಆಗಿದ್ದೋನು ಪ್ರಾಣಿ ಕಾಯೋನಾದ. ಇದಕ್ಕೂ ಜನ ಗೋಳಾಡ್ತಾರೆ, "ನಮ್ಮ ಶಂಭುನ ಹಾಳು ಮಾಡಿದ್ರು" ಅಂತ. ಹುಲಿ ಊರಿಗೆ ಬಂದ ಸುದ್ದಿ ಫೋನಲ್ಲಿ ನೋಡ್ತಾ ಹೆಚ್.ಡಿ. ಕೋಟೆಯಲ್ಲಿ ಬೆಳೆಯೋ ಮಗುವಿಗೆ ಬಂದೂಕಿನ ಶಂಭು ಹೆಚ್ಚು ಮಜಾನೋ, ಬರೀ ಕೈಲಿ ಹುಲಿ ಎದುರು ಸಿಕ್ಕಿಹಾಕಿಕೊಂಡ ಶಂಭು ಹೆಚ್ಚು ಮಜಾನೋ? ನನ್ನ ಪ್ರಕಾರ ಎರಡನೇದು. ಬಂದೂಕಿಲ್ಲದ ಹೇಡಿ ಇನ್ನೂ ಚೆನ್ನಾಗಿ ನಗಿಸ್ತಾನೆ.

ಹಾಗಂತ ನಾನು ಅಮರ ಚಿತ್ರ ಕಥೆಗೆ ಆರತಿ ಎತ್ತೋನಲ್ಲ. ಪುಟ ತಿರುಗಿಸಿ ಬಣ್ಣ ನೋಡಿ. ಒಳ್ಳೆಯವರು ಬೆಳ್ಳಗೆ, ಇಲ್ಲಾ ದೇವರಾದ್ರೆ ನೀಲಿ. ರಾಕ್ಷಸರು, ಕಾಡಿನೋರು ಕಪ್ಪು ಕಂದು, ದಪ್ಪ ತುಟಿ, ಕೋರೆಹಲ್ಲು. ಎಷ್ಟು ಪುಸ್ತಕದಲ್ಲಿ! ನಮ್ಮ ತಾಲೂಕಿನ ನಾಗಾಪುರಕ್ಕೆ ನಾಗರಹೊಳೆಯಿಂದ ಎಬ್ಬಿಸಿ ತಂದ ಜನ ಇದಾರೆ, ಕೋಟೆ ಕಡೆ ಹಾಡಿ ಹಾಡಿಗಳೇ ಇದಾವೆ. ಜೇನುಕುರುಬರ ಮಗು ಆ ಚಿತ್ರದಲ್ಲಿ ಯಾರನ್ನ ನೋಡಿ ನಾನು ಅಂದ್ಕೋಬೇಕು? ಹಿಂದೊಮ್ಮೆ ಹಾಡಿಯ ಹುಡುಗನೊಬ್ಬ ನನ್ನ ಹತ್ರ 'ಘಟೋತ್ಕಚ' ತಗೊಂಡು ಓದಿ ವಾಪಸ್ ಕೊಡೋವಾಗ "ಇವ್ನು ನಮ್ಮ ಕಡೆಯೋನು" ಅಂದ, ನಕ್ಕೊಂಡು. ಹೆಮ್ಮೆಯಿಂದಾನೇ ಅಂದ. ಅವನು ಯಾರಿಗೋಸ್ಕರ ಸತ್ತ, ಸತ್ತಾಗ ಯಾರು ಸಮಾಧಾನ ಪಟ್ಟರು ಅನ್ನೋದನ್ನೂ ಓದಿದ್ನಲ್ಲ, ಅದರ ಬಗ್ಗೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಧೈರ್ಯ ಬರಲಿಲ್ಲ.

ಶಂಭು ಬಂದೂಕು ಇಳಿಸಿದ್ದು ಸಾಲದು. ಶಂಭುಗೆ ಕಾಡಲ್ಲಿ ದಾರಿ ತೋರಿಸೋ ಜನರ ಕಥೆ ಬರಬೇಕು, ಅವರ ಮಾತಲ್ಲೇ. ಆಗ ಒಪ್ತೀನಿ ಪೂರ್ತಿ ಬೆಳೀತು ಅಂತ.

8/8

ಈ ಸರಣಿ ಹಾಕ್ತೀನಿ ಅಂದಾಗ ಗೆಳೆಯರು ಇಬ್ಬರು ಎರಡು ಥರ ಹೇಳಿದ್ರು. ಒಬ್ಬ, "ಎಲ್ಲ 29ನೂ ವಾಪಸ್ ತಗೊಂಡು ಬಾ, ಆಗ ಬುದ್ಧಿ ಬರುತ್ತೆ". ಇನ್ನೊಬ್ಬಳು, "ಒಂದು ಪುಸ್ತಕಕ್ಕೆ ಇಷ್ಟು ರಂಪ ಯಾಕೆ, ಹೈಸ್ಕೂಲಿಗೆ ಕೊಡು, ಅಲ್ಲಿ ಓದ್ತಾರೆ".

ವಾಪಸ್ ತರಲ್ಲ. ಅಶ್ವತ್ಥಾಮನ ಹುಡುಗನಿಗೆ ಯಾಕೆ ಶಿಕ್ಷೆ.

ಹೈಸ್ಕೂಲ್ ಮಾತಿಗೆ ಒಂದು ಉತ್ತರ ಇದೆ. ಮೂರನೇ ಕ್ಲಾಸಿನ ಮಗುವಿಗೆ ಕೊಡು ಅಂತ ನಾನೂ ಹೇಳ್ತಿಲ್ಲ, ವಯಸ್ಸು ನೋಡ್ಬೇಕು, ಒಪ್ತೀನಿ. ಆದ್ರೆ ಹಾಗೆ ವಯಸ್ಸು ನೋಡೋದಾದ್ರೆ 'ಪದ್ಮಿನಿ'ಗೂ ನೋಡಿ, 'ದ್ರೌಪದಿ'ಗೂ ನೋಡಿ. ಬೆಂಕಿಗೆ ಹಾರಿದ್ದಕ್ಕೆ ಇಲ್ಲದ ವಯಸ್ಸು ನೀರು ಕೇಳಿದ್ದಕ್ಕೆ ಯಾಕೆ ಬರುತ್ತೆ? ಹೈಸ್ಕೂಲಿಗೆ ಬರೋ ಹೊತ್ತಿಗೆ ಆ ಮಕ್ಕಳು ಯಾರ ಪಕ್ಕ ಕೂರಬೇಕು, ಯಾರ ಮನೇಲಿ ಉಣ್ಣಬಾರದು ಅನ್ನೋದನ್ನ ಮನೇಲಿ ಕಲಿತು ಮುಗಿಸಿರ್ತಾರೆ. ನಾನು ಕಲಿತಿದ್ದು ಅದಕ್ಕೂ ಮೊದಲೇ.

ಮುಂದಿನ ಶನಿವಾರ ಹೋಗ್ತೀನಿ. ಅದೇ ಪುಸ್ತಕ ಬ್ಯಾಗಲ್ಲಿರುತ್ತೆ. ಈ ಸಲ ಪುಸ್ತಕ ಕೊಟ್ಟು ಬರಲ್ಲ, ಅವರನ್ನೇ ಕೂತು ಓದಿ ಅಂತೀನಿ. 32 ಪುಟ, ಒಂದು ಟೀ ಕುಡಿಯೋಷ್ಟು ಹೊತ್ತು. ಓದಿದ ಮೇಲೂ ಬೇಡ ಅಂದ್ರೆ ಏನು ಮಾಡ್ಬೇಕು ಅಂತ ಇನ್ನೂ ಗೊತ್ತಿಲ್ಲ.

ಒಂದು ಸಹಾಯ ಬೇಕು. ನನ್ನ ಪ್ರತಿ ಇಂಗ್ಲಿಷ್‌ನದು, ಮಕ್ಕಳಿಗೆ ನಾನೇ ಓದಿ ಹೇಳ್ಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆ ಯಾರ ಅಟ್ಟದ ಮೇಲಾದ್ರೂ ಹಳೇ ಅಮರ ಚಿತ್ರ ಕಥೆಗಳ ಕಟ್ಟು ಇದ್ರೆ ಬಿಚ್ಚಿ ನೋಡಿ, ಅಂಬೇಡ್ಕರ್ ಪುಸ್ತಕ ಕನ್ನಡದಲ್ಲಿ ಸಿಕ್ಕಿದ್ರೆ ಡಿಎಂ ಮಾಡಿ. ಹರಿದಿದ್ರೂ ಪರವಾಗಿಲ್ಲ, ರಟ್ಟು ನಾನೇ ಹಾಕಿಸ್ತೀನಿ. ಗಾಡಿ ತಗೊಂಡು ನಾನೇ ಬಂದು ಇಸ್ಕೊಳ್ತೀನಿ.

#ಅಮರಚಿತ್ರಕಥೆ #ಹಳೇಕಾಮಿಕ್ಸ್ #ಹುಣಸೂರು #ಮಕ್ಕಳಪುಸ್ತಕ #ಶಿಕಾರಿಶಂಭು